ಪಾಳಿಪಟ್ಟಿಯ ಅಕ್ಕೋರು

ಮಾತಿನ ನಡುವೆ ‘ಇರಬಹುದು’ ಅಂದವರನ್ನು ಅಕ್ಕೋರು ಸುಮ್ಮನೆ ಬಿಡುತ್ತಿರಲಿಲ್ಲ. ಬಸ್ಸು ಬಂದಿರಬಹುದು, ಕರೆಂಟು ಹೋಗಿರಬಹುದು, ಕೆಲಸ ಮುಗಿದಿರಬಹುದು, ಯಾವುದೇ ಇರಲಿ, ಕನ್ನಡಕವನ್ನು ಹಣೆಯ ಮೇಲಕ್ಕೆ ಸರಿಸಿ ಒಂದು ಗಳಿಗೆ ನಮ್ಮ ಮುಖ ನೋಡುತ್ತಿದ್ದರು. ಆಮೇಲೆ “ನೋಡಿ ಬಂದು ಹೇಳು” ಅನ್ನುತ್ತಿದ್ದರು. ದನಿ ಏರಿಸುತ್ತಿರಲಿಲ್ಲ. ಅವರ ಕೈಕೆಳಗೆ ನಾವು ನಾಲ್ಕು ಮಂದಿ ಇದ್ದೆವು. ಈ ಮಾತಿಗೆ ಹೆದರಿದಷ್ಟು ನಾವು ಯಾರ ಬೈಗುಳಕ್ಕೂ ಹೆದರಿದವರಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಶಹಾಪುರದಲ್ಲಿ ಗುರುತು ಹಿಡಿಯುವವರು ಬಹಳ, ಗುರುತು ಹಿಡಿದು ಹೊಗಳುವವರು ಇನ್ನೂ ಬಹಳ. ಯಾರಾದರೂ ಹೊಗಳಲು ಶುರುಮಾಡಿದರೆ ಅಕ್ಕೋರಿಗೆ ಎದ್ದು ಹೋಗಲು ಏನಾದರೊಂದು ಕೆಲಸ ನೆನಪಾಗುತ್ತಿತ್ತು. ಮೊದಲು ಒಂದು ಪಾಲಿಟೆಕ್ನಿಕ್‌ನ ಕಂಪ್ಯೂಟರ್ ಲ್ಯಾಬಿನಲ್ಲಿ ಕಲಿಸುತ್ತಿದ್ದರು. ನಮ್ಮ ಕಡೆ ಕಲಿಸುವ ಹೆಣ್ಣುಮಕ್ಕಳನ್ನು ಕರೆಯುವುದೇ ಅಕ್ಕೋರು ಅಂತ. ಕಲಿಸುವುದನ್ನು ಬಿಟ್ಟು ಎಷ್ಟೋ ವರ್ಷವಾದ ಮೇಲೂ ತರಕಾರಿ ಮಾರುವವರಿಂದ ಹಿಡಿದು ಬಸ್ ಕಂಡಕ್ಟರ್‌ವರೆಗೆ ಎಲ್ಲರಿಗೂ ಅವರು ಅಕ್ಕೋರೇ ಆಗಿದ್ದರು. ಹೋದ ತಿಂಗಳು ತೀರಿಕೊಂಡರು. ಅವರ ಬಗ್ಗೆ ನಾನು ಬರೆಯಲು ಕೂತದ್ದಕ್ಕೆ ಒಂದು ಕಾರಣವಿದೆ. ಅದು ಅವರ ದೊಡ್ಡತನಕ್ಕೆ ಸಂಬಂಧಪಟ್ಟದ್ದಕ್ಕಿಂತ ನನ್ನ ಸಣ್ಣತನಕ್ಕೆ ಸಂಬಂಧಪಟ್ಟದ್ದು. ಅಲ್ಲಿಗೆ ಬರುತ್ತೇನೆ, ಸ್ವಲ್ಪ ತಡೆದು ಬರುತ್ತೇನೆ. ತಡೆಯುವುದು ನನಗೆ ಚೆನ್ನಾಗಿ ಬರುವ ವಿದ್ಯೆ.

ಶಹಾಪುರದ ಗಂಜಿನ, ಅಂದರೆ ದವಸದ ಪೇಟೆಯ ಹತ್ತಿರ ಬೀಜ-ಗೊಬ್ಬರದ ಅಂಗಡಿಯೊಂದರ ಮಾಳಿಗೆಯ ಮೇಲೆ ನಮ್ಮ ಕೋಣೆ. ಹತ್ತಿಯ ಸುಗ್ಗಿಯಲ್ಲಿ ಲಾರಿಗಳು ಸಾಲುಗಟ್ಟಿದರೆ ಹತ್ತಿಯ ಎಳೆಗಳು ಕಿಟಕಿಯಿಂದ ಹಾರಿಬಂದು ಕೀಬೋರ್ಡಿನ ಸಂದಿಯಲ್ಲಿ ಕೂರುತ್ತಿದ್ದವು. ಅಕ್ಕೋರು ಅದಕ್ಕೆಂದೇ ಒಂದು ಹಳೆಯ ಹಲ್ಲುಜ್ಜುವ ಬ್ರಷ್ ಇಟ್ಟುಕೊಂಡಿದ್ದರು. ಬೆಳಗ್ಗೆ ಬಂದು ಮೊದಲು ತಮ್ಮದನ್ನು ಉಜ್ಜಿ, ಆಮೇಲೆ ನಮ್ಮ ನಾಲ್ವರದ್ದನ್ನೂ ಉಜ್ಜುತ್ತಿದ್ದರು. ನಾವು ಬೇಡವೆಂದರೆ ಕೇಳುತ್ತಿರಲಿಲ್ಲ. ಮಧ್ಯಾಹ್ನ ರೊಟ್ಟಿಯ ಗಂಟು ಬಿಚ್ಚಿದರೆ ಪುಂಡಿಪಲ್ಯವನ್ನೂ ಶೇಂಗಾ ಹಿಂಡಿ ಅನ್ನುವ ಚಟ್ನಿಪುಡಿಯನ್ನೂ ಮೊದಲು ಎಲ್ಲರ ತಾಟಿಗೆ ಹಂಚಿ, ಉಳಿದದ್ದನ್ನು ತಾವು ತಿನ್ನುತ್ತಿದ್ದರು. ಊರು ಯಾವುದೆಂದು ನಾನು ಮೊದಲ ದಿನ ಕೇಳಿದ್ದಕ್ಕೆ, “ಶಿರವಾಳ, ಅವ್ವ. ಗುಡಿ ಬಹಳ, ಬಸ್ಸು ಕಡಿಮಿ” ಅಂದಿದ್ದರು. ಅವರ ಬದುಕಿನ ಬಗ್ಗೆ ಅವರ ಬಾಯಿಂದ ನಾನು ಕೇಳಿದ ಅತಿ ಉದ್ದದ ಮಾತು ಅದೇ ಇರಬೇಕು. ಇರಬೇಕು ಅಂದೆ, ಕ್ಷಮಿಸಬೇಕು.

ನಾನು ಸುರಪುರದವಳು. ಡಿಪ್ಲೊಮಾ ಮುಗಿಸಿ ಎರಡು ವರ್ಷ ಝೆರಾಕ್ಸ್ ಅಂಗಡಿಯಲ್ಲಿ ಕೂತು ಜನರ ಅರ್ಜಿ ಬೆರಳಚ್ಚು ಮಾಡಿಕೊಡುತ್ತಿದ್ದೆ. ಒಂದು ದಿನ ಅಕ್ಕೋರು ಯಾವುದೋ ಕಾಗದದ ಪ್ರತಿ ತೆಗೆಸಲು ಬಂದವರು ನನ್ನ ಪರದೆಯ ಮೇಲೆ ನಾನೇ ಹವ್ಯಾಸಕ್ಕೆ ಬರೆದುಕೊಂಡಿದ್ದ ಒಂದು ವೆಬ್ ಪುಟ ನೋಡಿದರು. “ಇದರಾಗ ಗುಂಡಿ ಒತ್ತಿದ್ರ ಏನಾಗತದ?” ಎಂದು ಕೇಳಿದರು. “ಬಣ್ಣ ಬದಲಾಗಬಹುದ್ರಿ” ಅಂದೆ. ಕನ್ನಡಕ ಮೇಲೆ ಹೋಯಿತು. ಒತ್ತಿ ನೋಡಿ ಹೇಳಿದೆ. ಮುಂದಿನ ವಾರದಿಂದ ದಿನಾ ಬಸ್ಸು ಹಿಡಿದು ಶಹಾಪುರಕ್ಕೆ ಬರತೊಡಗಿದೆ.

ಕೆಲಸ ಏನೆಂದು ಹೇಳದೆ ಅವರನ್ನು ಚಿತ್ರಿಸಲು ಬರುವುದಿಲ್ಲ. ಕಾಲುವೆಗೆ ನೀರು ಬಿಟ್ಟಾಗ ಎಲ್ಲ ಹೊಲಕ್ಕೂ ಒಮ್ಮೆಲೇ ಸಿಗುವುದಿಲ್ಲ. ಒಂದು ತೂಬಿನ ಕೆಳಗಿನ ರೈತರು ಸರದಿಯ ಮೇಲೆ ನೀರು ಹಾಯಿಸಿಕೊಳ್ಳಬೇಕು, ನಾವು ಅದನ್ನು ಪಾಳಿ ಅನ್ನುತ್ತೇವೆ. ಇವತ್ತು ಯಾರ ಪಾಳಿ, ನಾಳೆ ಯಾರದು, ಯಾರು ಯಾರೊಂದಿಗೆ ಬದಲಿ ಮಾಡಿಕೊಂಡರು ಎಂಬುದನ್ನು ರೈತನ ಫೋನಿನಲ್ಲೂ ಗೇಟು ತೆರೆಯುವವನ ಫೋನಿನಲ್ಲೂ ತೋರಿಸುವ ಒಂದು ಆ್ಯಪ್ ಅಕ್ಕೋರ ಕನಸು. ಕನಸು ಅಂದರೆ ಅವರು ಒಪ್ಪುತ್ತಿರಲಿಲ್ಲ, ಕೆಲಸ ಅನ್ನುತ್ತಿದ್ದರು. ಎರಡು ವರ್ಷ ಅದಕ್ಕೇ ಬಿದ್ದಿದ್ದೆವು. ಬೇರೆ ಗಿರಾಕಿಗಳ ಸಣ್ಣಪುಟ್ಟ ಕೆಲಸದಿಂದ ಹೊಟ್ಟೆ ತುಂಬುತ್ತಿತ್ತು, ಪಾಳಿಪಟ್ಟಿಯಿಂದ ಅವರ ಜೀವ ತುಂಬುತ್ತಿತ್ತು.

ಇಂಥ ಆ್ಯಪಿನ ಪರದೆಯನ್ನು ಇಡಿಯಾಗಿ ಬರೆಯುವುದಿಲ್ಲ, ತುಂಡು ತುಂಡಾಗಿ ಬರೆದು ಜೋಡಿಸುತ್ತೇವೆ. ಆ ತುಂಡುಗಳಿಗೆ ಕಾಂಪೊನೆಂಟ್ ಅನ್ನುತ್ತಾರೆ. ‘ಇಂದಿನ ಪಾಳಿ’ ಒಂದು ತುಂಡು, ‘ಬದಲಿ’ ಇನ್ನೊಂದು ತುಂಡು. ಈ ಗಳಿಗೆಗೆ ನಿಜ ಏನು ಎಂಬ ನೆನಪಿಗೆ ಸ್ಟೇಟ್ ಅನ್ನುತ್ತಾರೆ. ತೊಂದರೆ ಎಲ್ಲ ಇರುವುದು ಅಲ್ಲೇ. ಒಂದೇ ನೆನಪು ಎರಡು ತುಂಡಿಗೂ ಬೇಕಾದರೆ ಅದನ್ನು ಎಲ್ಲಿಡಬೇಕು? ಎರಡರಲ್ಲೂ ಒಂದೊಂದು ಪ್ರತಿ ಇಡುವುದು ಸುಲಭ. ಆದರೆ ಒಂದು ಕಡೆ ಬದಲಾದದ್ದು ಇನ್ನೊಂದು ಕಡೆ ಬದಲಾಗದೆ ಉಳಿಯುತ್ತದೆ, ಎರಡೂ ತಾವೇ ಖರೆ ಅನ್ನುತ್ತವೆ.

ಅಕ್ಕೋರು ಇದನ್ನು ಕಲಿಸಿದ್ದು ಹಳೆಯ ಕ್ಯಾಲೆಂಡರಿನ ಹಾಳೆಯ ಬೆನ್ನಿನ ಮೇಲೆ. ಕೆಳಗಿನ ಬೀಜದ ಅಂಗಡಿಯವರು ತಿಂಗಳಿಗೊಂದು ಹಾಳೆ ಹರಿದು ಮೇಲೆ ಕಳಿಸುತ್ತಿದ್ದರು. ಅದರ ಮೇಲೆ ಒಂದು ಮನೆತನದ ವಂಶವೃಕ್ಷದಂತೆ ಗೆರೆ ಎಳೆದು, ಒಂದು ಚೌಕದ ಮೇಲೆ ಪೆನ್ನು ಊರಿ ಕೇಳುತ್ತಿದ್ದರು: “ಇದು ಯಾರ ಜಿಮ್ಮಾ ಅದ?” ಯಾರ ಹೊಣೆಯಲ್ಲಿದೆ ಎಂದು. ನಾನು ತಡವರಿಸಿದರೆ ಅವರೇ ಹೇಳುತ್ತಿದ್ದರು.

“ಅಣ್ಣ ತಮ್ಮ ಇಬ್ಬರಿಗೂ ಬೇಕಾದ್ದನ್ನ ಅಣ್ಣನ ಹತ್ರ ಇಟ್ರ ತಮ್ಮಗ ಸಿಟ್ಟು, ತಮ್ಮನ ಹತ್ರ ಇಟ್ರ ಅಣ್ಣಗ ಸಿಟ್ಟು. ಇಬ್ಬರ ಹತ್ರನೂ ಒಂದೊಂದು ಇಟ್ಟಿ ಅಂದ್ರ ನಾಳೆ ಜಗಳ. ಅವರವ್ವನ ಹತ್ರ ಇಡು. ಬೇಕಾದಾಗ ಆಕಿನ್ನ ಕೇಳಲಿ.”

“ಅಜ್ಜಿ ಹತ್ರ ಇಟ್ರ ನಡಿಯೂದಿಲ್ಲೇನ್ರಿ?” ಎಂದೆ. ಮೇಲಿನ ಚೌಕದಲ್ಲಿಟ್ಟರೆ ಎಲ್ಲರಿಗೂ ಸಿಗುತ್ತದಲ್ಲ ಎಂಬುದು ನನ್ನ ಜಾಣತನ.

“ಅಜ್ಜಿತನಕ ಹೋಗಬ್ಯಾಡ. ಆಕಿಗಿ ಊರಿಗೆಲ್ಲ ಹಂಚೂ ಚಟ ಇರತದ.”

ಒಮ್ಮೆ ಬೇರೆ ಊರಿನ ಕಂಪನಿಯವನೊಬ್ಬ ಬಂದಿದ್ದ. ಎಲ್ಲ ನೆನಪನ್ನೂ ಒಂದೇ ದೊಡ್ಡ ಉಗ್ರಾಣದಲ್ಲಿಟ್ಟು, ಯಾವ ತುಂಡು ಬೇಕಾದರೂ ಬಂದು ತೆಗೆದು, ತಿದ್ದಿ, ಇಟ್ಟು ಹೋಗುವ ಪದ್ಧತಿಯನ್ನು ಅರ್ಧ ಗಂಟೆ ವಿವರಿಸಿದ. ಅಕ್ಕೋರು ಪೂರ್ತಿ ಕೇಳಿದರು. ಆಮೇಲೆ, “ಇದನ್ನ ಯಾರು ತಿದ್ದಬಹುದ್ರಿ?” ಎಂದರು. “ಯಾರು ಬೇಕಾದರೂ ಮೇಡಂ, ಅದೇ ಇದರ ಅನುಕೂಲ” ಎಂದ. “ಹಂಗಾರ ಗಲತ್ ಆದಾಗ ಯಾರನ್ನ ಕೇಳೂದು?” ಎಂದರು. ಅವನು ಚಹಾ ಕುಡಿದು ಹೋದ. ದೊಡ್ಡ ಉಗ್ರಾಣವೇ ಕೆಟ್ಟದ್ದು ಎಂದು ಅವರ ವಾದವಾಗಿರಲಿಲ್ಲ. ಉಗ್ರಾಣಕ್ಕೆ ಒಂದೇ ಬಾಗಿಲು, ಆ ಬಾಗಿಲಿಗೆ ಒಬ್ಬ ಕಾವಲುಗಾರ ಇರಬೇಕು ಅನ್ನುತ್ತಿದ್ದರು.

ಇನ್ನು ಟೈಪುಗಳ ಮಾತು. ನಾವು ಬರೆಯುವ ಟೈಪ್‌ಸ್ಕ್ರಿಪ್ಟ್‌ನಲ್ಲಿ ಯಾವ ವಸ್ತು ಯಾವ ರೂಪದ್ದೆಂದು ಮೊದಲೇ ಬರೆದು ಒಪ್ಪಿಸಬೇಕು. ಒಪ್ಪಿಸಿದ್ದಕ್ಕೆ ಹೊಂದದ್ದನ್ನು ಬರೆದರೆ ಕೆಳಗೆ ಕೆಂಪು ಗೆರೆ ಬೀಳುತ್ತದೆ. ಪಾಳಿಗೆ ಅಕ್ಕೋರು ಮೂರು ರೂಪ ಮಾಡಿದ್ದರು: ಕಾಯಂ, ಬದಲಿ ಕೇಳಿದ್ದು, ಬದಲಿ ಒಪ್ಪಿದ್ದು. ಒಪ್ಪಿದ್ದು ಎಂದು ಬರೆದರೆ ಒಪ್ಪಿದವರ ಹೆಸರು ಇರಲೇಬೇಕು, ಇಲ್ಲದಿದ್ದರೆ ಕೆಂಪು ಗೆರೆ. ಇದರಿಂದ ತಪ್ಪಿಸಿಕೊಳ್ಳಲು ಒಂದು ಕಳ್ಳದಾರಿಯೂ ಇದೆ. ‘ಎನಿ’ ಎಂದು ಬರೆದುಬಿಟ್ಟರೆ, ಏನು ಬೇಕಾದರೂ ಇರಲಿ, ನೀನು ನೋಡಬೇಡ ಎಂದು ಯಂತ್ರದ ಬಾಯಿ ಮುಚ್ಚಿಸಿದ ಹಾಗೆ. ಅಕ್ಕೋರು ಅದನ್ನು ‘ಇರಬಹುದು’ವಿನ ತಂಗಿ ಎಂದು ಕರೆಯುತ್ತಿದ್ದರು. ನಮ್ಮ ಕೋಣೆಯಲ್ಲಿ ಅದಕ್ಕೆ ಪ್ರವೇಶವಿರಲಿಲ್ಲ.

ಈ ಮೂರು ರೂಪ ಅವರಿಗೆ ಪುಸ್ತಕದಲ್ಲಿ ಸಿಕ್ಕಿದ್ದಲ್ಲ. ದೇವಾಪುರದ ಕಡೆಯ ಒಂದು ತೂಬಿನ ರೈತರ ಸಂಘ ನಮ್ಮ ಆ್ಯಪನ್ನು ಒಂದು ತಿಂಗಳು ಪರೀಕ್ಷೆಗೆ ಹಾಕಿ ನೋಡಲು ಒಪ್ಪಿತ್ತು. ಬರೆಯುವುದಕ್ಕೆ ಮೊದಲು ಅಕ್ಕೋರು ಮೂರು ವಾರ ಅಲ್ಲಿಗೆ ಹೋಗಿಬಂದರು. ತೂಬಿನ ಕಟ್ಟೆಯ ಮೇಲೆ ನೋಟುಬುಕ್ಕು ಹಿಡಿದು ಕೂತಿರುತ್ತಿದ್ದರು. ಒಂದೆರಡು ದಿನ ನಾನೂ ಜೊತೆಗಿದ್ದೆ. ಆ ರೈತರಲ್ಲಿ ಒಂದು ಪದ್ಧತಿ ಇತ್ತು. ತನ್ನ ಪಾಳಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟವನು ತನ್ನ ಸಲಿಕೆಯನ್ನು ತಂದು ತೂಬಿನ ಪಕ್ಕ ನೆಲಕ್ಕೆ ಊರಿ ಹೋಗಬೇಕು. ಪ್ರತಿ ಸಲಿಕೆಯ ಹಿಡಿಗೂ ಒಂದು ಗುರುತು, ಒಬ್ಬನದಕ್ಕೆ ಕೆಂಪು ಬಟ್ಟೆ, ಇನ್ನೊಬ್ಬನದಕ್ಕೆ ತಂತಿ. ಗೇಟು ನೋಡಿಕೊಳ್ಳುವ ಖಾಜಾಸಾಬರು ಬಂದು ಯಾರ ಸಲಿಕೆ ನಿಂತಿದೆ ಎಂದು ನೋಡಿದರೆ ಸಾಕು, ಅವನು ಪಾಳಿ ಬಿಟ್ಟಿದ್ದಾನೆ ಎಂದು ತಿಳಿಯುತ್ತಿತ್ತು. ಬರೀ ಬಾಯಿಮಾತಲ್ಲಿ ಮಾಡಿಕೊಂಡ ಬದಲಿಗೆ ಅವರು ಕಿಮ್ಮತ್ತು ಕೊಡುತ್ತಿರಲಿಲ್ಲ.

“ನೋಡಿದೇನು?” ಎಂದು ಅಕ್ಕೋರು ನನ್ನ ಕಡೆ ತಿರುಗಿದ್ದರು. “ಸಲಿಕಿ ಒಂದ. ಎರಡ ಕಡಿ ಊರಾಕ ಬರೂದಿಲ್ಲ. ನಾವು ಮಾಡೂದೂ ಇಷ್ಟ.”

ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಇಷ್ಟೆಲ್ಲ ಕಲಿತ ಮೇಲೂ ನಾನು ಮಾಡಿದ್ದು ಹೇಳುತ್ತೇನೆ. ಪರೀಕ್ಷೆ ಸೋಮವಾರ ಶುರುವಾಗಬೇಕಿತ್ತು. ‘ಇಂದಿನ ಪಾಳಿ’ಯ ತುಂಡು ನನ್ನ ಪಾಲಿಗೆ ಬಂದಿತ್ತು. ಪಟ್ಟಿ ಎರಡೂ ತುಂಡಿಗೆ ತಾಯಿಯಾದ ಮೇಲಿನ ಚೌಕದಲ್ಲಿ ಒಂದೇ ಕಡೆ ಇರಬೇಕು, ಅಲ್ಲಿಂದ ಐದು ಮೆಟ್ಟಿಲು ಇಳಿದು ನನ್ನ ತುಂಡಿಗೆ ಬರಬೇಕು ಎಂದು ಅಕ್ಕೋರು ಗೆರೆ ಎಳೆದುಕೊಟ್ಟಿದ್ದರು. ಐದೂ ಮೆಟ್ಟಿಲಲ್ಲಿ ಟೈಪು ಹೊಂದಿಸುವುದು ಬೇಸರದ ಕೆಲಸ. ಮತ್ತೆ, ನಾಲ್ವರಲ್ಲಿ ಮೊದಲು ಮುಗಿಸಿದವಳು ನಾನೇ ಆಗಬೇಕು ಎಂಬ ಹುಚ್ಚು ಬೇರೆ. ಆ್ಯಪನ್ನು ಮೊದಲ ಸಲ ತೆರೆದಾಗ ಪಟ್ಟಿಯ ಒಂದು ಪ್ರತಿ ತೆಗೆದು ನನ್ನ ತುಂಡಿನಲ್ಲೇ ಇಟ್ಟುಕೊಂಡೆ. ಕೆಂಪು ಗೆರೆ ಬಿತ್ತು. ‘ಎನಿ’ ಎಂದು ಬರೆದೆ. ಗೆರೆ ಹೋಯಿತು.

ಅವತ್ತು ಶನಿವಾರ. ಅಕ್ಕೋರು ಯಾದಗಿರಿಗೆ ಆಸ್ಪತ್ರೆಗೆಂದು ಹೋಗಿದ್ದರು. ಆಗಲೇ ಅವರಿಗೆ ಏನೋ ಶುರುವಾಗಿತ್ತು, ನಮಗೆ ಹೇಳಿರಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು, “ನಾ ಬಂದು ನೋಡೂತನಕ ಏನೂ ಹಾಕಬ್ಯಾಡ್ರಿ” ಅಂದಿದ್ದರು. ಸಂಜೆ ಐದಕ್ಕೆ ನಾನು ನನ್ನ ತುಂಡನ್ನು ರೈತರ ಫೋನಿಗೆ ಹೋಗುವ ಆ್ಯಪಿಗೆ ಹಾಕಿದೆ. ಎಲ್ಲ ಸರಿಯಾಗಿ ಕಂಡಿತು. ಸೋಮವಾರ ಕೇಳಿದರು, “ಎಲ್ಲಾ ನಾ ಹೇಳಿದಂಗ ಅದ ಅಲ್ಲ?” ಹೌದ್ರಿ ಅಂದೆ. ಅವರಿಗೆ ಅವತ್ತು ಸುಸ್ತಿತ್ತು. ನನ್ನ ಮಾತನ್ನು ನಂಬಿ ಕನ್ನಡಕವನ್ನು ಮೇಲಕ್ಕೆ ಸರಿಸದೆ ಬಿಟ್ಟರು.

ಮುಂದಿನ ಶನಿವಾರ ಬೆಳಗ್ಗೆ ದೇವಾಪುರದ ಶರಣಮ್ಮ ನಮ್ಮ ಮಾಳಿಗೆ ಹತ್ತಿ ಬಂದರು. ಐವತ್ತು ದಾಟಿದ ಹೆಂಗಸು, ಆ ತೂಬಿನ ಕೊನೆಯಲ್ಲಿ ಎರಡು ಎಕರೆ ಶೇಂಗಾ. ಫೋನನ್ನು ಸೆರಗಿನಲ್ಲಿ ಸುತ್ತಿ ತಂದಿದ್ದರು. ಬಿಚ್ಚಿ ಮೇಜಿನ ಮೇಲೆ ಇಟ್ಟರು.

“ಇದರಾಗ ಏನ ಬರದದ ಓದ್ರಿ ಅಕ್ಕೋರ.”

‘ಬದಲಿ’ಯ ಪರದೆ. ಶುಕ್ರವಾರದ ಪಾಳಿ ಶರಣಮ್ಮನದು, ಒಪ್ಪಿದವರು ಹಣಮಂತ್ರಾಯ ಎಂದಿತ್ತು.

ಆದದ್ದಿಷ್ಟು. ಶರಣಮ್ಮನ ಪಾಳಿ ಮಂಗಳವಾರ. ಮಗಳ ಹೆರಿಗೆ ಎಂದು ಯಾದಗಿರಿಗೆ ಹೋಗಬೇಕಾಗಿ, ಪಕ್ಕದ ಹೊಲದ ಹಣಮಂತ್ರಾಯನ ಶುಕ್ರವಾರದ ಪಾಳಿಯೊಂದಿಗೆ ಬದಲಿ ಕೇಳಿದ್ದರು. ಅವನು ಫೋನಿನಲ್ಲೇ ಒಪ್ಪಿದ್ದ. ಫೋನೇ ಒಪ್ಪಿದೆ ಎಂದು ತೋರಿಸುವಾಗ ಇನ್ನು ಸಲಿಕೆ ಯಾಕೆ ಎಂದು ಇಬ್ಬರೂ ಊರಲಿಲ್ಲ. ಅಷ್ಟು ನಂಬಿದ್ದರು ನಮ್ಮನ್ನು. ಮಂಗಳವಾರ ‘ಇಂದಿನ ಪಾಳಿ’ಯಲ್ಲಿ ಶರಣಮ್ಮನ ಹೆಸರೇ ಇದ್ದರೂ, ಅವರು ಊರಲ್ಲಿಲ್ಲವೆಂದು ಖಾಜಾಸಾಬರು ಏನೂ ಕೇಳದೆ ಬಿಟ್ಟರು, ಹಣಮಂತ್ರಾಯ ನೀರು ಹಾಯಿಸಿಕೊಂಡ. ಶುಕ್ರವಾರ ಖಾಜಾಸಾಬರು ‘ಇಂದಿನ ಪಾಳಿ’ ನೋಡಿದರೆ ನನ್ನ ಹಳೆಯ ಪ್ರತಿಯಲ್ಲಿ ಇನ್ನೂ ಹಣಮಂತ್ರಾಯನ ಹೆಸರೇ ಇತ್ತು. ಅವನನ್ನು ಕರೆದರು. ಅವನೂ ತನ್ನ ಫೋನಿನಲ್ಲಿ ಅದೇ ಪರದೆ ನೋಡಿದ. ಶರಣಮ್ಮನಿಗೆ ಆಸ್ಪತ್ರೆಯಿಂದ ಬರಲಾಗದೆ ಪಾಳಿ ತನಗೇ ಬಿಟ್ಟಿದ್ದಾಳೆ ಅಂದುಕೊಂಡು ಮತ್ತೆ ನೀರು ತಿರುಗಿಸಿಕೊಂಡ. ಮಧ್ಯಾಹ್ನದ ಬಸ್ಸಿಗೆ ಶರಣಮ್ಮ ಬಂದು ನೋಡಿದರೆ ಕಾಲುವೆ ಬತ್ತಿತ್ತು.

“ಹೂವು ಬಿಟ್ಟು ಕಾಯಿ ಹಿಡಿಯೂ ಹೊತ್ತರಿ ಇದು” ಎಂದರು ಶರಣಮ್ಮ. ಅಳಲಿಲ್ಲ, ಜಗಳವನ್ನೂ ಮಾಡಲಿಲ್ಲ. “ನಾ ಹಣಮಂತ್ರಾಯಗ ಬೈದು ಬಂದೀನಿ. ಅಂವ ತನ್ನ ಫೋನ್ ತೋರಿಸ್ದ. ಅಂವಂದೂ ಖರೆ ಅದ. ಅದಕ್ಕ ನಿಮ್ಮನ್ನ ಕೇಳಾಕ ಬಂದೀನಿ. ಯಾವುದು ಖರೆರಿ?”

ಅಕ್ಕೋರು ಎರಡೂ ಪರದೆಯನ್ನು ಒಂದರ ಪಕ್ಕ ಒಂದು ತೆರೆದು ನೋಡಿದರು. ಆಮೇಲೆ ಬರವಣಿಗೆಯ ಚರಿತ್ರೆ ತೆಗೆದರು. ನಮ್ಮ ಕೆಲಸದಲ್ಲಿ ಪ್ರತಿ ಸಾಲನ್ನೂ ಯಾರು, ಯಾವಾಗ ಬರೆದರು ಎಂಬುದು ದಾಖಲಾಗಿರುತ್ತದೆ. ನಾನು ಅವರ ಬೆನ್ನ ಹಿಂದೆ ನಿಂತಿದ್ದೆ. ‘ಎನಿ’ ಇದ್ದ ಸಾಲಿನ ಪಕ್ಕದಲ್ಲಿ ನನ್ನ ಹೆಸರು, ಶನಿವಾರ, ಸಂಜೆ ಐದು. ಅವರು ಅದನ್ನು ಓದಿದರು. ಓದಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅದರ ಮೇಲೆ ಕಣ್ಣಿತ್ತು. ತಿರುಗಿ ನನ್ನನ್ನು ನೋಡಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ, “ನಡೀರಿ, ದೇವಾಪುರಕ್ಕ ಹೋಗೂಣು” ಎಂದರು.

ಮೆಟ್ಟಿಲು ಇಳಿಯುವಾಗ ನನಗೆ ಒಂದು ಉಪಾಯ ಹೊಳೆಯಿತು. ಶರಣಮ್ಮ ಮುಂದೆ ಇಳಿದಿದ್ದರು. ಮೆಲ್ಲಗೆ ಹೇಳಿದೆ.

“ನೆಟ್‌ವರ್ಕ್ ಇರಲಿಲ್ಲ ಅಂತ ಹೇಳಬಹುದಲ್ರಿ.”

ಅಕ್ಕೋರು ಒಂದು ಮೆಟ್ಟಿಲ ಮೇಲೆ ನಿಂತರು. “ಇತ್ತಲ್ಲ” ಎಂದರು. ಮತ್ತೆ ಇಳಿದರು.

ತೂಬಿನ ಹತ್ತಿರ ಹದಿನೈದು ಇಪ್ಪತ್ತು ಜನ ಸೇರಿದ್ದರು. ಸಂಘದ ಅಧ್ಯಕ್ಷರು, ಹಿರಿಯ ರೈತರು, ಕಲ್ಲಿನ ಮೇಲೆ ಕೂತಿದ್ದರು. ಹಣಮಂತ್ರಾಯ ಮುಖ ಗಂಟು ಹಾಕಿಕೊಂಡು ದೂರ ನಿಂತಿದ್ದ. ಎರಡು ಸಲ ನೀರು ಕದ್ದವನು ಎಂದು ಊರಲ್ಲಿ ಆಗಲೇ ಹೆಸರು ಬಂದಿತ್ತು. ಖಾಜಾಸಾಬರು ತಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಬಂದವರಿಗೆಲ್ಲ ತೋರಿಸಿ, ನೋಡ್ರಿ ನಂದೇನೂ ಇಲ್ಲ ಅನ್ನುತ್ತಿದ್ದರು.

ಅಕ್ಕೋರು ನಡುವೆ ನಿಂತು ಹೇಳಿದರು: “ಗಲತಿ ನಮ್ಮದದರಿ. ಶರಣಮ್ಮಂದಲ್ಲ, ಹಣಮಂತ್ರಾಯಂದಲ್ಲ, ಖಾಜಾಸಾಬರದೂ ಅಲ್ಲ. ಒಂದ ಪಟ್ಟಿ ಎರಡ ಕಡಿ ಇಟ್ಟಿದ್ವಿ. ಒಂದು ಬದಲಾತು, ಇನ್ನೊಂದು ಬದಲಾಗಲಿಲ್ಲ. ಹಣಮಂತ್ರಾಯ ಕದ್ದಿಲ್ಲ. ಯಾರೂ ಅಂವಗ ಏನೂ ಅನಬ್ಯಾಡ್ರಿ.”

“ನಿಮ್ಮಾಗ ಯಾರು ಮಾಡಿದ್ರಿ?” ಎಂದರು ಅಧ್ಯಕ್ಷರು. ಕುಹಕದಿಂದ ಕೇಳಿದ್ದಲ್ಲ, ತಿಳಿಯಬೇಕೆಂದೇ ಕೇಳಿದ್ದು.

ನಾನು ಅಕ್ಕೋರಿಂದ ಎರಡು ಮಾರು ದೂರದಲ್ಲಿದ್ದೆ. ಬಾಯಿ ತೆರೆದಿದ್ದರೆ ಮುಗಿಯುತ್ತಿತ್ತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆ ಹೊತ್ತು ನನಗಾಗಿ ಬಿಟ್ಟದ್ದು ಎಂದು ನನಗೆ ಆಗಲೇ ಗೊತ್ತಿತ್ತು. ನಾನು ಕಾಲುವೆಯ ಕಲ್ಲು ನೋಡಿದೆ.

“ನನ್ನ ಜಿಮ್ಮಾ ಇತ್ರಿ” ಎಂದರು ಅಕ್ಕೋರು. “ನಾ ನೋಡದ ಬಿಟ್ಟೆ.”

“ಇನ್ನಮ್ಯಾಲ ಹಿಂಗ ಆಗೂದಿಲ್ಲ ಅಂತ ಹೇಳತೀರೇನು?”

“ಇದನ್ನ ಸರಿ ಮಾಡತೀನ್ರಿ. ಇನ್ನಮ್ಯಾಲ ಯಾವ ಗಲತೀನೂ ಆಗೂದಿಲ್ಲ ಅಂತ ನಾ ಆಣಿ ಮಾಡಾಂಗಿಲ್ಲ.”

ಅಲ್ಲಿಗೆ ಎರಡು ವರ್ಷದ ಕೆಲಸ ಮುಗಿಯಿತು. ಆಗೂದಿಲ್ಲರಿ ಎಂದು ಒಂದು ಮಾತು ಹೇಳಿದ್ದರೆ ಅಧ್ಯಕ್ಷರು ಪರೀಕ್ಷೆ ಮುಂದುವರಿಸುವವರಿದ್ದರು, ಅವರಿಗೆ ಅಕ್ಕೋರ ಮೇಲೆ ಅಷ್ಟು ಗೌರವವಿತ್ತು. ಅವರು ಒಂದಿಬ್ಬರನ್ನು ಕೇಳಿ, “ಸದ್ಯ ಸಲಿಕಿನ ಇರಲಿ ಬಿಡ್ರಿ ಅಕ್ಕೋರ” ಎಂದರು. ಅಕ್ಕೋರು ತಲೆಯಾಡಿಸಿದರು. ಹಣಮಂತ್ರಾಯ ಮನೆಗೆ ಹೋಗಿ ತನ್ನ ಸಲಿಕೆ ತಂದು ತೂಬಿನ ಪಕ್ಕ ಊರಿದ. ಅವನ ಮುಂದಿನ ಪಾಳಿ ಶರಣಮ್ಮನಿಗೆ. ಅದು ಬರಲು ಇನ್ನೂ ಆರು ದಿನ, ಶರಣಮ್ಮನ ಮಂಗಳವಾರಕ್ಕೂ ಇನ್ನೂ ಮೂರು ದಿನವಿತ್ತು. ಅಷ್ಟರಲ್ಲಿ ಶೇಂಗಾ ಬಾಡಿ, ಆ ಸಲ ಅರ್ಧಕ್ಕರ್ಧ ಕಾಯಿ ಜೊಳ್ಳಾದವು.

ವಾಪಸು ಬಸ್ಸಿನಲ್ಲಿ ಅಕ್ಕೋರು ಕಿಟಕಿಗೆ ತಲೆಯಾನಿಸಿ ನಿದ್ದೆಹೋದರು. ನನಗೆ ಬೈಯುತ್ತಾರೆಂದು ಕಾದೆ. ಬೈದಿದ್ದರೆ ಅತ್ತು, ಹೌದ್ರಿ ನಾನೇ ಅಂದು, ಹಗುರಾಗುತ್ತಿದ್ದೆನೋ ಏನೋ. ಸೋಮವಾರ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ತುಂಡನ್ನು ಬಿಚ್ಚಿದರು. ಪ್ರತಿಯನ್ನು ತೆಗೆದು, ಪಟ್ಟಿಯನ್ನು ಒಂದೇ ಕಡೆ ಇಟ್ಟು, ಐದೂ ಮೆಟ್ಟಿಲಲ್ಲಿ ಟೈಪು ಹೊಂದಿಸುವುದಕ್ಕೆ ಎರಡು ದಿನ ಹಿಡಿಯಿತು. “ಯಾರೂ ಬಳಸೂದಿಲ್ಲಲ್ರಿ ಇದನ್ನ, ಈಗ ಯಾಕ?” ಎಂದೆ. “ಗಲತ್ ಅದಲ್ಲ” ಎಂದರು. ಅಷ್ಟೇ ಕಾರಣ.

ಒಂದು ವರ್ಷದ ಮೇಲೆ ಬೇರೊಂದು ತೂಬಿನವರು ಅದನ್ನು ತೆಗೆದುಕೊಂಡರು. ಸಲಿಕೆ ಊರುವುದನ್ನು ಬಿಡಬಾರದು ಎಂಬ ಕರಾರನ್ನು ಅಕ್ಕೋರೇ ಹಾಕಿದ್ದರು. ಈಗಲೂ ಅದು ನಡೆಯುತ್ತಿದೆ. ಅಷ್ಟೊತ್ತಿಗೆ ಅವರು ವಾರದಲ್ಲಿ ಎರಡು ದಿನ ಮಾತ್ರ ಬರುತ್ತಿದ್ದರು. ಕಾಯಿಲೆ ಏನೆಂದು ನಮಗೂ ಗೊತ್ತಾಗಿತ್ತು. ಬಂದ ದಿನ ಬ್ರಷ್ ಹಿಡಿದು ಕೀಬೋರ್ಡು ಉಜ್ಜುವುದನ್ನು ಬಿಡಲಿಲ್ಲ.

ಅವರಲ್ಲಿ ಇನ್ನೊಂದು ರೂಢಿ ಇತ್ತು. ಸಂಜೆ ಬೀಗ ಹಿಡಿದು ಬಾಗಿಲಲ್ಲಿ ನಿಂತು, “ಏನರ ಹೇಳೂದಿದ್ರ ಹೇಳ್ರಿ, ಬಾಗಲಾ ಹಾಕತೀನಿ” ಎಂದು ನಮ್ಮ ನಾಲ್ವರನ್ನೂ ಕೇಳುತ್ತಿದ್ದರು. ಮೊದಲಿನಿಂದಲೂ ಹಾಗೆಯೇ ಕೇಳುತ್ತಿದ್ದರು. ದೇವಾಪುರದ ನಂತರ ನನಗೆ ಮಾತ್ರ ಆ ಮಾತು ಬೇರೆಯಾಗಿ ಕೇಳಿಸುತ್ತಿತ್ತು. ಇಲ್ರಿ ಅನ್ನುತ್ತಿದ್ದೆ. ಒಂದು ದಿನ ಹೇಳದಿದ್ದರೆ ಮರುದಿನ ಹೇಳುವುದು ಎರಡು ಪಟ್ಟು ಕಷ್ಟ, ವಾರ ಕಳೆದರೆ ಮುಗಿದೇ ಹೋಯಿತು. ಅವರಿಗೆ ಗೊತ್ತಿದೆ, ಅವರಿಗೆ ಗೊತ್ತಿದೆ ಎಂಬುದು ನನಗೂ ಗೊತ್ತಿದೆ, ಇನ್ನು ಹೇಳುವುದೇನು ಎಂದು ನನ್ನನ್ನೇ ನಂಬಿಸಿಕೊಂಡೆ. ಅದು ಸುಳ್ಳು ಸಮಾಧಾನ ಎಂದು ಆಗಲೂ ತಿಳಿದಿತ್ತು. ಅವರು ಮೊದಲಿನಂತೆಯೇ ನನಗೆ ರೊಟ್ಟಿ ಹಂಚಿದರು, ಮೊದಲಿಗಿಂತ ಕಷ್ಟದ ಕೆಲಸ ಕೊಟ್ಟರು, ಕೊನೆಗೆ ಪಾಳಿಪಟ್ಟಿಯನ್ನೇ ನನ್ನ ಕೈಗಿಟ್ಟರು.

ಕೊನೆಯ ಸಲ ನೋಡಲು ಹೋದಾಗ ಹಾಸಿಗೆಯಲ್ಲಿದ್ದರು. ಹೇಳಿಯೇ ತೀರಬೇಕೆಂದು ಬಸ್ಸಿನಲ್ಲಿ ಮಾತು ಜೋಡಿಸಿಕೊಂಡು ಹೋಗಿದ್ದೆ. “ಪಟ್ಟಿ ಹ್ಯಾಂಗ ನಡದದ?” ಎಂದು ಕೇಳಿದರು. ಅರ್ಧ ಗಂಟೆ ಪಟ್ಟಿಯ ಬಗ್ಗೆಯೇ ಮಾತಾಡಿದೆ. ಪಾಳಿಗೆ ನಾಲ್ಕನೆಯ ರೂಪವೊಂದನ್ನು ಸೇರಿಸಿದ್ದೆ, ಅದನ್ನು ವಿವರಿಸಿದೆ. ಚಲೋ ಆತು ಎಂದರು. ಏಳುವಾಗ, “ಮತ್ತೇನರ ಅದ ಏನವ್ವ?” ಎಂದರು. “ಇಲ್ರಿ, ಮಕ್ಕೋರಿ” ಎಂದು ಹೊದಿಕೆ ಸರಿಮಾಡಿ ಬಂದೆ.

ತೀರಿಕೊಂಡ ಐದನೆಯ ದಿನ ಅವರ ಮನೆಗೆ ಹೋಗಿದ್ದೆ. ಅಂಗಳದಲ್ಲಿ ಚಾಪೆಯ ಮೇಲೆ ಹೆಂಗಸರು ಕೂತಿದ್ದರು, ಅವರಲ್ಲಿ ಶರಣಮ್ಮನೂ ಇದ್ದರು. ದೇವಾಪುರದಿಂದ ಎರಡು ಬಸ್ಸು ಬದಲಿಸಿ ಬಂದಿದ್ದರು. ನನ್ನನ್ನು ಗುರುತಿಸಿ ಕೈ ಹಿಡಿದು ಪಕ್ಕಕ್ಕೆ ಕರೆದು ಕೂರಿಸಿಕೊಂಡರು. ಆ ವರ್ಷದ ಶೇಂಗಾ ಹೋದದ್ದಕ್ಕೆ ಅಕ್ಕೋರು ಆಮೇಲೆ ಎರಡು ಸಲ ಅವರ ಮನೆಗೆ ಹೋಗಿ ಬಂದಿದ್ದರಂತೆ. ನಮಗೆ ಯಾರಿಗೂ ಗೊತ್ತಿರಲಿಲ್ಲ.

“ಬಂದು ಒಂದ ಮಾತು ಅಂತಿದ್ಲು. ನಾ ನೋಡದ ಬಿಟ್ಟೆ ಶರಣಮ್ಮ, ನಾ ನೋಡದ ಬಿಟ್ಟೆ ಅಂತ. ನಾ ಹೋಗಲಿ ಬಿಡ್ರಿ ಅಂದ್ರೂ ಕೇಳತಿದ್ದಿಲ್ಲ.”

ನನಗೆ ತಡೆಯಲಾಗಲಿಲ್ಲ. “ಅವತ್ತಿನ ಗಲತಿ ಅವರದಲ್ಲವ್ವ, ನಂದು” ಎಂದೆ. “ಅವರು ಬ್ಯಾಡ ಅಂದಿದ್ದನ್ನ ನಾನ ಮಾಡಿದ್ದೆ. ಮಾಡಿ, ಸರಿ ಅದ ಅಂತ ಸುಳ್ಳು ಹೇಳಿದ್ದೆ.”

ಶರಣಮ್ಮ ನನ್ನ ಮುಖವನ್ನೇ ನೋಡಿದರು. ಸಿಟ್ಟು ಬರುತ್ತದೆಂದು ಕಾದೆ. ಬರಲಿಲ್ಲ.

“ಆಕಿಗಿ ಹೇಳಿದೇನು?”

“ಅವರಿಗಿ ಗೊತ್ತಿತ್ತವ್ವ.”

“ಗೊತ್ತಿತ್ತೋ ಇಲ್ಲೋ ಅಂತ ನಾ ಕೇಳಲಿಲ್ಲ. ನೀ ಹೇಳಿದೇನು?”

“ಇಲ್ಲ” ಎಂದೆ.

ಶರಣಮ್ಮ ಒಳಗಿನ ಬಾಗಿಲ ಕಡೆ ನೋಡಿದರು. ಆಮೇಲೆ ನನ್ನ ಕೈ ಬಿಟ್ಟು ಹೇಳಿದರು:

“ನೀ ಒಂದ ಮಾತು ಹೇಳಿದ್ದಿ ಅಂದ್ರ, ಆಕಿ ಅದನ್ನ ಒಬ್ಬಾಕಿನ ಹೊತ್ಕೊಂಡು ಅಷ್ಟು ದೂರ ನಮ್ಮ ಮನಿತನಕ ಎರಡ ಸಲ ಬರತಿದ್ದಿಲ್ಲವ್ವ.”